ಎರಡನೇ ಸುತ್ತು

ಮೊದಲ ಸುತ್ತಿಗೆ ಬಂದಾಗ ಮಿಲ್ಲು ನಡೆಯುತ್ತಿತ್ತು.
ಮಧ್ಯಾಹ್ನ ಎರಡಕ್ಕೆ ಸೈರನ್ನು ಕೂಗಿತೆಂದರೆ
ಬಾಯಲ್ಲಿದ್ದ ಪ್ರಶ್ನೆ ಬಾಯಲ್ಲೇ.
ಕೇಳುವವನು, ಹೇಳುವವಳು, ಇಬ್ಬರೂ
ಒಂದು ನಿಮಿಷ ಮುಖ ಮುಖ ನೋಡಿಕೊಂಡು ಕೂರಬೇಕು.
ಆ ನಿಮಿಷಕ್ಕೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಈಗ ಹನ್ನೆರಡು ವರ್ಷ. ಅದೇ ಭದ್ರಾವತಿ, ಅದೇ ಕಾಲೊನಿ,
ಅದೇ ಮನೆಗಳು, ಹೆಸರಿಲ್ಲದೆ ಬರಿ ನಂಬರು.
ರಟ್ಟಿಗೆ ಕ್ಲಿಪ್ಪು, ಇಪ್ಪತ್ತೆಂಟು ಪುಟ,
ಪೆನ್ನು ಎರಡು, ಒಂದು ಕೈಕೊಟ್ಟರೆ ಇರಲಿ ಅಂತ.

ಇಂದುಧರ ಮೇಷ್ಟ್ರು ತರಬೇತಿಯಲ್ಲಿ ಹೇಳಿದ್ದರು:
"ಬೆಂಕಿ ಬಿದ್ದ ದಿನ ಹೋದರೆ ಎಲ್ಲರೂ ಬೆಂಕಿ ಅಂತಾರೆ, ಅಷ್ಟೆ.
ಬೀಳೋಕೆ ಮೊದಲು ಹೋಗಿರಬೇಕು, ಆರಿದ ಮೇಲೆ ಮತ್ತೆ ಹೋಗಬೇಕು.
ಕಷ್ಟ ಇದೆಯಾ ಅಂತ ಕೇಳಬೇಡ್ರೋ, ಯಾರಿಗಿಲ್ಲ?
ಹಾಲು ಎಷ್ಟು ತಗೋತೀರಿ ಅಂತ ಕೇಳಿ."

ಕೇಳಿದೆ. ಒಂದು ಲೀಟರು ಅರ್ಧವಾಗಿತ್ತು,
ಅರ್ಧ ಕಾಲಾಗಿತ್ತು, ಒಂದು ಮನೆಯಲ್ಲಿ ಮಾತ್ರ ಎರಡಾಗಿತ್ತು:
ಅಲ್ಲೀಗ ಚಹಾ ಮಾರುತ್ತಾರೆ.
ಕಂಪ್ಯೂಟರು ಅದನ್ನು ಏಳಿಗೆ ಎಂದು ಓದುತ್ತದೆ.

ಟೈಮ್ ಆಫೀಸಿನ ಹಾಲಪ್ಪ ಈಗ ಆಟೊ ಓಡಿಸುತ್ತಾನೆ.
"ಅವ್ವ ತೀರಿಕೊಂಡಿದ್ದು ಬಿ ಶಿಫ್ಟಿನಲ್ಲಿ" ಎಂದ.
ಲೆಕ್ಕ ಹಾಕಿದೆ: ಮಿಲ್ಲು ನಿಂತು ಆಗ ಮೂರು ವರ್ಷ.
ತಿದ್ದಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಟೈಲರ್ ದಾದಾಪೀರ್ ಉತ್ತರ ಕೊಡಲಿಲ್ಲ,
ಅಳತೆಯ ಪುಸ್ತಕ ತೆಗೆದು ಮುಂದಿಟ್ಟರು.
ಮೂವತ್ತು ವರ್ಷದ ಸೊಂಟ, ಎದೆ, ತೋಳು,
ಪುಟಗಳ ನಡುವೆ ಯೂನಿಫಾರಮ್ಮಿನ ನೀಲಿ ದಾರ.
"ಹೊಲಿಸೋರಿಲ್ಲ, ಬಿಗಿ ಮಾಡಿಸೋರೇ ಎಲ್ಲ.
ಎರಡಿಂಚು ಕರಗಿದೆ ಕಾಲೊನಿ, ಬರ್ಕೊಳ್ಳಿ."
ನಮ್ಮ ವಿಭಾಗದ ಬೀರುಗಳಲ್ಲಿ ಇಂಥ ದಾಖಲೆಯಿಲ್ಲ.
ಅಡಿಟಿಪ್ಪಣಿಯಲ್ಲಿ ಮೂಲ ಏನೆಂದು ಹಾಕಲಿ:
ಟೇಪು, ಬಳಪ, ಬಾಗಿ ಬಾಗಿ ಬಗ್ಗಿದ ಒಂದು ಬೆನ್ನು?

ಸೊನ್ನೆ ನಾಲ್ಕು ಒಂದು ಏಳು. ಸೆಲ್ವಮೇರಿ.
(ಹೆಸರು ಬರೆಯಬಾರದು. ಬರೆದಿದ್ದೇನೆ.)
ಇಡ್ಲಿ ತಟ್ಟೆಗಳನ್ನು ತೊಳೆದು ಬೋರಲು ಹಾಕುತ್ತಲೇ
ಅರವತ್ತೆರಡು ಪ್ರಶ್ನೆ ದಾಟಿದರು.
ಅರವತ್ತಮೂರು: "ಇನ್ನು ಐದು ವರ್ಷಕ್ಕೆ ನಿಮ್ಮ ಬದುಕು,
ಒಂದು, ಈಗಿನದಕ್ಕಿಂತ ಚೆನ್ನಾಗಿ; ಎರಡು, ಹೀಗೇ; ಮೂರು, ಇನ್ನೂ ಕೆಟ್ಟು."
ತಟ್ಟೆ ಕೈಯಲ್ಲೇ ನಿಂತಿತು.
"ಹೋದ ಸಲ ನಾನೇನು ಹೇಳಿದ್ದೆ?"

ಹೇಳಬಾರದು. ಹಳೆಯ ಉತ್ತರ ಹೊಸದರ ಸೆರಗು ಎಳೆಯುತ್ತದೆ,
ಕೈಪಿಡಿಯ ಒಂಬತ್ತನೇ ನಿಯಮ.
"ನನ್ನ ಮಾತು ನನಗೇ ಹೇಳಲ್ವಾ ತಮ್ಮಾ?"

ಚೀಲ ಬಿಚ್ಚಿದೆ. ಹಸಿರು ಇಂಕು, ನನ್ನದೇ ಅಕ್ಷರ,
ಇಪ್ಪತ್ತಮೂರರ ವಯಸ್ಸಿನ ದುಂಡು ದುಂಡು.
ಒಂದು. ಪಕ್ಕದಲ್ಲಿ, ಆವರಣದೊಳಗೆ: ನಕ್ಕರು.

"ಒಂದಾ!" ಎಂದು ಕಾಗದದ ಮೇಲೆ ಬಗ್ಗಿದರು,
ಎಲ್ಲೋ ಕಂಡ ಯಾರದೋ ಫೋಟೊ ನೋಡುವ ಹಾಗೆ.
"ಪಾಪ. ಯಾವ ನಗು ಅಂತ ಬರೆದಿಲ್ವಾ?"

ಬರೆದಿಲ್ಲ. ನೆನಪೂ ಇಲ್ಲ.
ಒಳಗಿನಿಂದ ಮಗಳು ಏನಾದರೂ ಅಂದಳೇನೋ,
ಸೈರನ್ನು ನಡುವೆ ಬಾಯಿ ಹಾಕಿತೇನೋ,
ಪೆದ್ದು ಹುಡುಗನೊಬ್ಬ ನಾಳೆಯನ್ನು ಮೂರು ಹೋಳು ಮಾಡಿ
ಆರಿಸಿಕೊಳ್ಳಿ ಎಂದು ಹಿಡಿದದ್ದಕ್ಕೇ ನಕ್ಕರೇನೋ.

"ಈಗಲೂ ಒಂದು ಅಂತಲೇ ಬರಿ" ಎಂದು ನಕ್ಕರು.
ಈ ಸಲ ಬಿಡಲಿಲ್ಲ. ಪೆನ್ನು ತಡೆದು ಮುಖವನ್ನೇ ನೋಡಿದೆ.
ಒಂದಕ್ಕೆ ಸುತ್ತು ಹಾಕಿದೆ. ಆವರಣ ತೆರೆದೆ.
ತೆರೆದದ್ದು ಹಾಗೇ ಇದೆ.

ಸೊನ್ನೆ ನಾಲ್ಕು ಒಂದು ಎಂಟು: ಬೀಗ.
ಅದಕ್ಕೆ ಸಂಕೇತ ಇದೆ, ಎಂಬತ್ತೆಂಟು, ಬರೆದೆ.
ಹೊಸ್ತಿಲ ಮುಂದೆ ಇವತ್ತಿನ ರಂಗೋಲಿ ಇತ್ತು.